ಆಳಿಸಿಕೊಳ್ಳುವವರ ಒಪ್ಪಿಗೆ

ಸುಮ್ಮನಿರುವುದೂ ಒಪ್ಪಿಗೆಯೇ ಎಂದು ಬೋರ್ಡಿನ ಮೇಲೆ ಬರೆದಾದ ಮೇಲೆ ಧನಂಜಯನಿಗೆ ಅದನ್ನು ಅಳಿಸಬೇಕೆನ್ನಿಸಿತು. ಅಳಿಸಲಿಲ್ಲ. ಸಿಲಬಸ್ಸಿನಲ್ಲಿತ್ತು.

ಲ್ಯಾವಿಂಗ್ಟನ್ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಅವನು ಅಮೆರಿಕದ ಸರ್ಕಾರ ಎಂಬ ವಿಷಯ ಕಲಿಸುತ್ತಿದ್ದ. ಮೈಸೂರಿನವನೊಬ್ಬ ನೈರೋಬಿಯ ಮಕ್ಕಳಿಗೆ ಅಮೆರಿಕದ ಬುನಾದಿ ಯಾವುದೆಂದು ಹೇಳುವುದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಲ್ಲ. ಅವನು ಅಮೆರಿಕ ನೋಡಿರಲಿಲ್ಲ. ಅದನ್ನೂ ಯಾರೂ ಕೇಳಿರಲಿಲ್ಲ.

ಆಳಿಸಿಕೊಳ್ಳುವವರು ಒಪ್ಪಿದರೆ ಮಾತ್ರ ಆಳುವವನಿಗೆ ಹಕ್ಕು. ಈ ಮಾತು ಹಿಡಿದುಕೊಂಡೇ ಹದಿಮೂರು ವಸಾಹತುಗಳು ರಾಜನನ್ನು ಬಿಟ್ಟವು, ಎಂದ. ಆದರೆ ಒಪ್ಪಿದ್ದಾರೆಂದು ತಿಳಿಯುವುದು ಹೇಗೆ? ಅದಕ್ಕೂ ಮೊದಲೇ ಇಂಗ್ಲೆಂಡಿನ ತತ್ತ್ವಜ್ಞಾನಿಯೊಬ್ಬ ಸುಲಭದ ದಾರಿ ತೋರಿಸಿದ್ದ. ದೇಶದ ಹೆದ್ದಾರಿಯಲ್ಲಿ ನಡೆದರೂ ಸಾಕು, ಅದರ ಆಳ್ವಿಕೆಗೆ ಒಪ್ಪಿದಂತೆ. ಆಮೇಲೆ ಸ್ಕಾಟ್ಲೆಂಡಿನವನೊಬ್ಬ ಇದನ್ನು ಗೇಲಿ ಮಾಡಿದ. ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತು ಹಾಕಿ, ನಡುಗಡಲಿನಲ್ಲಿ ಎಚ್ಚರವಾದಾಗ, ನೀರಿಗೆ ಹಾರಲಿಲ್ಲವಲ್ಲ, ಹಾಗಾದರೆ ಕಪ್ತಾನನನ್ನು ಒಪ್ಪಿದ್ದೀಯ ಎಂದಂತಾಯಿತು ಎಂಬುದು ಅವನ ತಕರಾರು.

ಕೊನೆಯ ಸಾಲಿನಲ್ಲಿದ್ದ ಅವನ ಮಗಳು ಅನಘಾ ಪೆನ್ನು ಕೆಳಗಿಟ್ಟು, "ಲೈಕ್ ಅಮ್ಮ," ಎಂದಳು.

ತರಗತಿ ನಕ್ಕಿತು. ಧನಂಜಯನೂ ನಕ್ಕ, ಮೇಷ್ಟರು ನಗಬೇಕಾದಷ್ಟು.

ಶಾಲೆ ಅವನನ್ನು ಇನ್ನೂ ಮೂರು ವರ್ಷ ಇರಿಸಿಕೊಳ್ಳಲು ಸಿದ್ಧವಿತ್ತು. ನಾಳೆ ಬೆಳಿಗ್ಗೆ ಉತ್ತರ ಹೇಳಬೇಕು. ಹೆಂಡತಿ ಕಾತ್ಯಾಯಿನಿ ಮೈಸೂರಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಅವನ ಜೊತೆ ಬಂದವಳು. ಬರುವಾಗ ವಿಮಾನದಲ್ಲಿ ಪೂರ್ತಿ ನಿದ್ದೆ ಮಾಡಿದ್ದಳು. ಬಂದ ಮೇಲೆ ಏನು ಕೇಳಿದರೂ, ನಿಮಗೆ ಸರಿ ಅನ್ನಿಸಿದ್ದು ಮಾಡಿ, ಎನ್ನುತ್ತಿದ್ದಳು. ಇಷ್ಟು ದಿನ ಅದರಿಂದ ಅವನಿಗೆ ಹಾಯೆನ್ನಿಸುತ್ತಿತ್ತು. ಇವತ್ತು ಭಯವಾಯಿತು. ಅವಳು ಬೇಡ ಎಂದರೆ ಹೊರಟುಬಿಡಲೂ ಅವನು ತಯಾರಿದ್ದ. ಅವಳ ಬಾಯಿಂದ ಯಾವುದಾದರೊಂದು ಬರಬೇಕಿತ್ತು, ಅಷ್ಟೆ.

ಮನೆಗೆ ಮರಳುವಾಗ ಮಟಾಟು ವ್ಯಾನೊಂದು ಪ್ರಯಾಣಿಕರನ್ನು ತುಂಬಿಕೊಂಡು ಅಡ್ಡ ನುಗ್ಗಿತು. ಬ್ರೇಕ್ ಹಾಕಿದ. ಪಕ್ಕದಲ್ಲಿದ್ದ ಅನಘಾ ಕಿವಿಯಿಂದ ಇಯರ್‌ಫೋನ್ ತೆಗೆದು, ತರಗತಿಯಲ್ಲಿ ಹಾಗಂದದ್ದಕ್ಕೆ ಸಾರಿ ಎಂದಳು. ಒಳ್ಳೆಯ ಉದಾಹರಣೆ, ಎಂದ.

ಊಟದ ನಡುವೆ ವಿಷಯ ತೆಗೆದ. ಇರುವುದೋ ಹೋಗುವುದೋ ಮತ ಹಾಕಿಯೇ ತೀರ್ಮಾನಿಸೋಣ. ಒಬ್ಬರಿಗೆ ಒಂದೇ ಮತ, ಕೈ ಎತ್ತಬೇಕು. ಕಾತ್ಯಾಯಿನಿ ಆಗಲಿ ಎಂದಳು. ಮೂವರ ಬಲಗೈಯೂ ಎಂಜಲಾಗಿತ್ತು. ಆದ್ದರಿಂದ ಎಡಗೈ ಎತ್ತುವುದೆಂದಾಯಿತು.

"ಇಲ್ಲೇ ಇರೋಣ ಅನ್ನೋರು?"

ಅನಘಾ ಎತ್ತಿದಳು. ಕಾತ್ಯಾಯಿನಿಯೂ ಎತ್ತಿದಳು. ಧನಂಜಯನ ಎದೆ ಹಗುರಾಯಿತು. ಕ್ರಮದ ಪ್ರಕಾರ ಇನ್ನೊಂದನ್ನೂ ಕೇಳಬೇಕಿತ್ತು.

"ವಾಪಸ್ ಹೋಗೋಣ ಅನ್ನೋರು?"

ಅನಘಾಳ ಕೈ ಇಳಿಯಿತು. ಕಾತ್ಯಾಯಿನಿಯದು ಇಳಿಯಲಿಲ್ಲ.

"ಎರಡಕ್ಕೂ ಎತ್ತೋ ಹಾಗಿಲ್ಲ ಕಣೇ."

"ನೀವು ಯಾವುದಕ್ಕೆ ಎತ್ತಿದ್ರಿ?"

ಅವನು ಎತ್ತಿಯೇ ಇರಲಿಲ್ಲ. ಎಣಿಸುವವನು ಎತ್ತುವುದಿಲ್ಲ, ಎಂದ.

"ಹಾಗಾದ್ರೆ ಎಣಿಸ್ಕೊಳ್ಳಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅನಘಾ ಹೋಮ್‌ವರ್ಕ್ ಇದೆಯೆಂದು ಎದ್ದು ಹೋದಳು. ಕಾತ್ಯಾಯಿನಿ ಬಲಗೈಯಲ್ಲಿ ಅನ್ನ ಕಲಸಿ ಉಣ್ಣುತ್ತಿದ್ದಳು. ಎಡಗೈ ಮೇಲೆಯೇ ಇತ್ತು. ಬಳೆಗಳು ಮೊಣಕೈವರೆಗೆ ಜಾರಿದ್ದವು. ತರಗತಿಯಲ್ಲಿ ಯಾರಾದರೂ ಕೈ ಎತ್ತಿದರೆ ಅವನು ದಿನವೂ ಹೇಳುವ ಮಾತೊಂದಿತ್ತು: ಹೇಳು. ಅದನ್ನು ಬಿಟ್ಟು ಅವನು ತನ್ನ ತಟ್ಟೆಯತ್ತ ತಿರುಗಿದ. ಅವಳು ಹೇಳಿಬಿಟ್ಟರೆ ಏನು ಮಾಡುವುದೆಂದು ಯಾವ ತತ್ತ್ವಜ್ಞಾನಿಯೂ ಅವನಿಗೆ ಕಲಿಸಿರಲಿಲ್ಲ.

ಅವನ ತಟ್ಟೆಯಲ್ಲಿ ಬರಿಯ ಅನ್ನ ಉಳಿದಿತ್ತು.

"ಮಜ್ಜಿಗೆ," ಎಂದ.

ಕೈ ಕೆಳಗಿಳಿದು ಸೌಟು ಹಿಡಿಯಿತು.