ಹಸಿರು ಟ್ಯಾಗಿನ ಹಿಂದೆ

ಆ ಬಿಳಿ ಕಾರು ನಿನ್ನೆಯೂ ಇಲ್ಲೇ ನಿಂತಿತ್ತು, ಇದೇ ಹೊಂಗೆ ಮರದ ಕೆಳಗೆ, ಎಂಜಿನ್ ಆರಿಸದೆ, ಗಾಜು ಏರಿಸಿಕೊಂಡು — ಒಳಗೆ ಕೂತವನಿಗೆ ಶಾಲೆಯ ಗೇಟಿನ ಮುಂದೆ ಏನು ಕೆಲಸ, ನಿದ್ದೆ ಹೊಡೆಯುವುದಕ್ಕೆ ಇಡೀ ಜಯನಗರದಲ್ಲಿ ಬೇರೆ ನೆರಳೇ ಇಲ್ಲವೇ, ನಂಬರ್ ನೋಡಿಟ್ಟುಕೊಳ್ಳಬೇಕು, ಆದರೆ ಈ ಕಪ್ಪು ಕನ್ನಡಕದಲ್ಲಿ ಮೂರೂ ಎಂಟೂ ಒಂದೇ ಥರ, ಪೊರೆ ತೆಗೆದ ಡಾಕ್ಟರು ಬಿಸಿಲಿಗೆಂದು ಕೊಟ್ಟದ್ದು, ವಾರಿಜಮ್ಮ ಇವತ್ತು ಹಾಕಿಕೊಂಡಿರುವುದು ಬಿಸಿಲಿಗಲ್ಲ. ಮುಖಕ್ಕೆ ಮಾಸ್ಕು, ಬೀರುವಿನ ತಳದಿಂದ ತೆಗೆದ ಸೀರೆಯ ಮೇಲೆ ಮಗ ಶ್ರೀಕರನ ಹಳೇ ಜರ್ಕಿನ್ನು, ತಲೆಗೆ ಅದರದೇ ಟೋಪಿ — ಕನ್ನಡಿಯಲ್ಲಿ ನೋಡಿಕೊಂಡಾಗ ತನಗೇ ನಗು ಬಂದಿತ್ತು, ಏನು ಮಾಡುವುದು, ಮೊಮ್ಮಗಳು ವಿಭಾಗೆ ಗುರುತು ಸಿಗಬಾರದಲ್ಲ. ನಾಲ್ಕನೇ ಕ್ಲಾಸಿನವರೆಗೆ ಚೆನ್ನಾಗಿತ್ತು, ಮನೆಯವರು ಕಾರ್ಡು ತೋರಿಸಿದರೆ ಮಾತ್ರ ಮಗುವನ್ನು ಕೈಗೆ ಒಪ್ಪಿಸುತ್ತಿದ್ದರು, ಕಾರ್ಡು ಮರೆತ ದಿನ ವಾಚ್‌ಮನ್ ತನ್ನನ್ನೇ ತಡೆದಿದ್ದ, ದಿನಾ ನೋಡ್ತೀಯಲ್ಲಪ್ಪ ಅಂದರೆ ರೂಲ್ಸ್ ರೂಲ್ಸೇ ಅಜ್ಜಿ ಅಂದಿದ್ದ, ಆಗ ಸಿಟ್ಟು ನೆತ್ತಿಗೇರಿತ್ತು, ಈಗ ಅವನ ಮೇಲೆ ಪ್ರೀತಿ ಉಕ್ಕುತ್ತಿದೆ — ಐದನೇ ಕ್ಲಾಸು ಬಂದದ್ದೇ ತಡ, ಅಪ್ಪ ಅಮ್ಮ ಹೂಂ ಅಂದರೆ ಸಾಕಂತೆ, ಕೊರಳಿಗೊಂದು ಹಸಿರು ಟ್ಯಾಗು, ನಡಿ ಒಬ್ಬಳೇ ಮನೆಗೆ. ಸೊಸೆ ಸುರಭಿ ಹೂಂ ಅಂದೇಬಿಟ್ಟಳು. ಅತ್ತೆ, ನೀವು ಹೆದರಿಸಿ ಹೆದರಿಸಿ ಮಗು ಲಿಫ್ಟಲ್ಲೂ ಒಬ್ಳೇ ಹೋಗಲ್ಲ, ಈಗ್ತಾನೇ ಸ್ವಲ್ಪ ಧೈರ್ಯ ಬಂದಿದೆ, ಒಂದ್ಸಲ ಭಯ ಬಿದ್ಲು ಅಂದ್ರೆ ಮುಗೀತು, ಮತ್ತೆ ಹೊರಡಲ್ಲ, ದಯವಿಟ್ಟು ಹಿಂದೆ ಹೋಗ್ಬೇಡಿ. ದಯವಿಟ್ಟಂತೆ. ಹಿಂದೆ ಯಾರು ಹೋಗುತ್ತಾರೆ, ಎದುರು ಫುಟ್‌ಪಾತಿನಲ್ಲಿ ಯಾರೋ ಹೆಂಗಸು ತನ್ನ ಪಾಡಿಗೆ ತಾನು ಹೋಗುತ್ತಾಳೆ, ಅಷ್ಟೇ. ಗಂಟೆ ಹೊಡೆಯಿತು.

ಅಗೋ ಬಂದಳು, ಟ್ಯಾಗು ಹೊಟ್ಟೆಯ ಮೇಲೆ ಕುಣಿಯುತ್ತಿದೆ, ಬೆನ್ನಿನ ಬ್ಯಾಗು ಅವಳಿಗಿಂತ ದಪ್ಪ, ಬಿಳಿ ಕಾರಿನ ಬಾಗಿಲು ತೆರೆಯಿತು — ಇನ್ಯಾವುದೋ ಮಗು ಓಡಿ ಬಂದು ಹತ್ತಿತು, ಪಪ್ಪಾ ಹಸಿವು ಅಂದಿತು, ಹೋಯಿತು ಕಾರು, ಇರಲಿ, ಅಪ್ಪನಾದ ಮಾತ್ರಕ್ಕೆ ಸಾಚಾ ಅಂತೇನಿಲ್ಲ. ಇಸ್ತ್ರಿ ಗಾಡಿಯವನು ಏನೋ ಕೇಳಿದ, ವಿಭಾ ನಕ್ಕಳು, ಯಾಕೆ ನಕ್ಕಳು, ಪಾರ್ಸೆಲ್ ಚೀಲದ ಬೈಕಿನವನು ಮೊಬೈಲ್ ನೋಡುವ ನೆಪದಲ್ಲಿ ನಿಧಾನ ಮಾಡಿದ, ಅಡ್ರೆಸ್ ಹುಡುಕುತ್ತಾನಂತೆ, ಎಲ್ಲರೂ ಹುಡುಕುವುದು ಅಡ್ರೆಸ್ಸನ್ನೇ, ಅಪಾರ್ಟ್‌ಮೆಂಟ್ ಗ್ರೂಪಿನ ವಿಡಿಯೋದಲ್ಲೂ ಹಾಗೇ, ಯಾವ ಊರಿನದೋ ಏನೋ, ಮಗುವಿಗೆ ಚಾಕಲೇಟು ಕೊಟ್ಟು — ಅದನ್ನು ನೋಡಬಾರದಿತ್ತು, ನೋಡಿ ನಾಲ್ಕಾರು ಜನಕ್ಕೆ ಕಳಿಸಿದ್ದೂ ಆಯಿತು. ವಿಭಾ ತಿರುಗಿ ನೋಡಿದಳು. ವಾರಿಜಮ್ಮ ಟ್ರಾನ್ಸ್‌ಫಾರ್ಮರಿನ ಮರೆಗೆ ಸರಿದಳು. ಮತ್ತೆ ನಡಿಗೆ, ಮತ್ತೆ ತಿರುಗಿ ನೋಟ — ಯಾರನ್ನು ಹುಡುಕುತ್ತಿದ್ದಾಳೆ, ಯಾರೋ ಬರುತ್ತೇನೆಂದು ಹೇಳಿರಬೇಕು, ಮನೆಯ ಕ್ರಾಸು ಬಂತು, ತಿರುಗು ಕಂದ, ತಿರುಗು, ಅಯ್ಯೋ ತಿರುಗಲಿಲ್ಲ, ನೇರ ಹೋಗುತ್ತಿದ್ದಾಳೆ, ನೋಡಮ್ಮ ಸುರಭಿ, ನೋಡು ನಿನ್ನ ಧೈರ್ಯ ಎಲ್ಲಿಗೆ ಹೊರಟಿತು, ಓಡತೊಡಗಿದಳಲ್ಲ, ಯಾರು ಕರೆದರು, ಎಲ್ಲಿಂದ ಕರೆದರು, ಮಂಡಿ ಹಾಳಾಗಿ ಹೋಗಲಿ, ವಾರಿಜಮ್ಮನೂ ಓಡಿದಳು.

ಬೇಕರಿಗೆ ನುಗ್ಗಿದ ವಿಭಾ ಅಂಗಡಿಯ ಶಾಲಿನಿಯ ಕೈ ಹಿಡಿದು ಹೊರಗೆ ಬಂದಳು, ಆಂಟಿ, ಅಲ್ಲಿ, ಅವ್ರೇ, ಸ್ಕೂಲಿಂದ ನನ್ ಹಿಂದೇನೇ ಬರ್ತಿದಾರೆ — ಬೆರಳು ಮಾಡಿ ತೋರಿಸಿದಳು. ಯಾರವನು, ಎಂದು ವಾರಿಜಮ್ಮ ಸರಕ್ಕನೆ ಹಿಂತಿರುಗಿದಳು, ಹಿಂದೆ ಖಾಲಿ ಫುಟ್‌ಪಾತು, ಒಂದು ನಾಯಿ ಮಲಗಿದೆ. ಈ ಕಡೆ ತಿರುಗಿದರೆ ಬೆರಳು ಇಲ್ಲಿಗೇ, ಜರ್ಕಿನ್ನಿನ ಜಿಪ್ಪಿಗೇ. ಹೇಳಿಕೊಟ್ಟವಳೂ ತಾನೇ, ಮೊನ್ನೆ ಜಡೆ ಹಾಕುತ್ತಾ, ಯಾರಾದ್ರೂ ಹಿಂದೆ ಬಂದ್ರೆ ಮನೆ ತೋರಿಸ್ಬೇಡ ಪುಟ್ಟಿ, ಹೆಂಗಸರಿರೋ ಅಂಗಡಿಗೆ ನುಗ್ಗು, ದೊಡ್ಡೋರಿಗೆ ಬೆರಳು ಮಾಡ್ಬಾರ್ದು ಅಂತಿದ್ನಲ್ಲ, ಅದೊಂದಕ್ಕೆ ಮಾಡು — ಎಷ್ಟು ಅಚ್ಚುಕಟ್ಟಾಗಿ ಮಾಡಿದೆ ಮಗು. ಹೊರಟುಬಿಡಲೇ, ಆಟೋ ಹಿಡಿದು — ಹೋದರೆ ನಾಳೆಯಿಂದ ಅವಳಿಗೆ ಈ ರಸ್ತೆಯ ತುಂಬ ಜರ್ಕಿನ್ನಿನವರೇ, ನಿಂತರೆ, ನಿಂತರೆ ಅಜ್ಜಿಯೇ — ಏಯ್, ಯಾರಮ್ಮ ನೀನು, ಮಾಸ್ಕ್ ತೆಗಿ, ಟೀ ಲೋಟ ಹಿಡಿದವನು ರಸ್ತೆಗಿಳಿದ. ಟೋಪಿ ಸರಿಸಿದಳು, ಮಾಸ್ಕು ತೆಗೆದಳು, ಕನ್ನಡಕ ತೆಗೆದದ್ದೇ ಬಿಸಿಲು ಕಣ್ಣಿಗೆ ಚುಚ್ಚಿತು, ನಾನು ಕಣೇ ವಿಭಾ, ಅಜ್ಜಿ — ಅಯ್ಯೋ ನೀವಾ ಆಂಟಿ, ಶಾಲಿನಿ ನಕ್ಕಳು, ಟೀ ಲೋಟದವನೂ ನಕ್ಕ, ವಿಭಾ ನಗಲಿಲ್ಲ. ಗುರುತು ಹಿಡಿದಳು, ಚೆನ್ನಾಗಿಯೇ ಹಿಡಿದಳು, ಬೆರಳು ಮಾತ್ರ ಹಾಗೇ ಇದೆ, ಉಗುರಿನ ಮೇಲೆ ಭಾನುವಾರ ತಾನೇ ಅರೆದು ಹಚ್ಚಿದ ಗೋರಂಟಿ, ನಾನೇ ಕಂದ, ಯಾರೂ ಇಲ್ಲ, ನಾನೇ, ಆ ಕೆಂಪು ಉಗುರು, ಇಳಿಸು ಪುಟ್ಟಿ, ಎಲ್ಲ ನೋಡ್ತಿದಾರೆ, ಇಳಿಸು, ಬೆರಳು, ಇಳಿಯುತ್ತಿಲ್ಲ, ಬೆರಳು —