ದಕ್ಷಿಣದ ಬಿಸಿಲು

"ಮೇಷ್ಟ್ರೆ, ಇಲ್ಲಿ ಮೂರು ಮರ ಇದ್ವಲ್ಲ?" ಎಂದಳು ಟೆಸ್.

ಸುರುಳಿ ಸುತ್ತಿದ ನಕ್ಷೆಯನ್ನು ಕಂಕುಳಲ್ಲಿ ಅವುಚಿಕೊಂಡು, ರಬ್ಬರ್ ಬೂಟುಗಳಲ್ಲಿ ಕೆಸರು ತುಳಿಯುತ್ತ ಅವಳು ಎಲ್ಲೆಯ ಕಲ್ಲುಗೋಡೆಯ ತನಕ ಹೋಗಿ ನಿಂತಿದ್ದಳು. ಏಪ್ರಿಲ್ ತಿಂಗಳ ಎರಡನೇ ವಾರ. ಅಮೆರಿಕದ ವರ್ಮಾಂಟಿನ ಆ ಗುಡ್ಡದ ಮೇಲೆ ಹಿಮ ಕರಗಿ, ನೆರಳಿದ್ದ ಕಡೆ ಮಾತ್ರ ಕೊಳಕು ತೇಪೆಗಳಾಗಿ ಉಳಿದಿತ್ತು. ಗೋಡೆಯಾಚೆ ಊಟದ ಮೇಜಿನಷ್ಟು ಅಗಲದ ಮೂರು ಬೊಡ್ಡೆಗಳಿದ್ದವು.

"ಇದ್ವು. ಜನವರೀಲಿ ಕಡಿಸ್ಬೇಕಾಯ್ತು. ಹುಳ ಬಿದ್ದಿತ್ತು," ಎಂದರು ಥಿಬೊ ಮೇಷ್ಟ್ರು.

ಟೆಸ್ ಗೋಡೆ ಹತ್ತಿ ಇಳಿದಳು. ಮೊದಲನೆಯ ಬೊಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಕೊಯ್ದ ಮೈಯನ್ನು ಸವರಿದಳು. ಕೆನೆಯ ಬಣ್ಣದ ಮರ. ಒತ್ತೊತ್ತಾದ ಉಂಗುರಗಳು. ಎಲ್ಲೂ ಒಂದು ತೂತಿಲ್ಲ, ಕಪ್ಪು ಗೆರೆಯಿಲ್ಲ. ಎರಡನೆಯದರ ಹತ್ತಿರವೂ ಹಾಗೆಯೇ ಕೂತಳು. ಮೂರನೆಯದರ ಹತ್ತಿರ ಕೂರಲಿಲ್ಲ. ಮೇಷ್ಟ್ರು ಅಷ್ಟು ಹೊತ್ತೂ ತಮ್ಮ ಕೈಗವಸಿನ ದಾರವೊಂದನ್ನು ಎಳೆಯುತ್ತಿದ್ದರು.

"ಪಕ್ಕದ ಹೆಸ್ಟರಮ್ಮನ ಮರಗಳಲ್ವಾ ಇವು?"

"ಹೌದು. ಅವರನ್ನ ಕೇಳಿಯೇ ಕಡಿಸಿದ್ದು."

ಅವಳು ತನ್ನ ಟ್ರಕ್ಕಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿ ಮೂಲೆಗಳಿಗೆ ಕಲ್ಲಿಟ್ಟಳು. ಮೇಷ್ಟ್ರು ಮತ್ತು ಅವರ ಹೆಂಡತಿ ಮಾರ್ಗೊ ಆರು ವರ್ಷದಿಂದ ಕನಸು ಕಂಡು, ಟೆಸ್ ಕೈಯಲ್ಲಿ ನಕ್ಷೆ ಬರೆಸಿದ ಮನೆ ಅದು. ಗೋಧಿ ಹುಲ್ಲಿನ ಪಿಂಡಿಗಳನ್ನು ಪೇರಿಸಿ ಮಣ್ಣು ಮೆತ್ತಿದ ಎರಡಡಿ ದಪ್ಪದ ಗೋಡೆ, ಹಗಲು ಬಿಸಿಲು ಕುಡಿದು ಸಂಜೆಗೆ ಕಾವು ಬಿಡುವ ಕಪ್ಪು ಕಲ್ಲಿನ ನೆಲ, ದಕ್ಷಿಣಕ್ಕೆ ಉದ್ದಕ್ಕೂ ಕಿಟಕಿ. ಆ ಕಿಟಕಿಗಳ ಎದುರು ಹಸಿರು ಪೆನ್ಸಿಲಿನಲ್ಲಿ ಬರೆದ ಮೂರು ವೃತ್ತಗಳಿದ್ದವು.

"ಇವನ್ನ ನೆಚ್ಕೊಂಡೇ ನಾನು ಮನೆ ಕೂರ್ಸಿದ್ದು," ಎಂದಳು ಟೆಸ್. "ಬೇಸಿಗೇಲಿ ಎಲೆ ತುಂಬ್ಕೊಂಡು ಬಿಸಿಲು ತಡೀತವೆ, ಚಳಿಗಾಲಕ್ಕೆ ಎಲೆ ಉದುರಿಸಿ ಸೂರ್ಯನ್ನ ಒಳಗೆ ಬಿಡ್ತವೆ. ಬರೀ ಕೊಂಬೆಗಳೂ ಒಂದಿಷ್ಟು ಬಿಸಿಲು ತಿಂತವೆ ನಿಜ. ಅದನ್ನೂ ಲೆಕ್ಕ ಹಾಕಿದ್ದೆ. ವಾರಕ್ಕೆ ಒಂದು ತೆಕ್ಕೆ ಸೌದೆ ಜಾಸ್ತಿ ಉರಿಸ್ಬೇಕಾಗ್ತಿತ್ತು, ಅಷ್ಟೇ." ಸ್ವಲ್ಪ ನಕ್ಕಳು. "ಎಲೆ ಉದುರೋ ಪಾಠ ಹತ್ತನೇ ಕ್ಲಾಸಲ್ಲಿ ನೀವೇ ಮಾಡಿದ್ದು ಮೇಷ್ಟ್ರೆ. ನಾನು ಕಿಟಕಿ ಪಕ್ಕ ಕೂತಿದ್ದೆ."

ವಾರಕ್ಕೆ ಒಂದು ತೆಕ್ಕೆ ಸೌದೆ. ಮೇಷ್ಟ್ರು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಟೆಸ್ ಜೇಬಿನಿಂದ ರಬ್ಬರ್ ತೆಗೆದು ಒಂದೊಂದೇ ವೃತ್ತವನ್ನು ಅಳಿಸಿದಳು. ಕಾಗದದ ಮೇಲೆ ಮಸುಕು ಕಲೆ ಉಳಿಯಿತು.

"ಇನ್ನು ಬೇಸಿಗೆ ಬಿಸಿಲು ತಡೆಯೋಕೆ ಕಿಟಕಿ ಮೇಲೆಲ್ಲ ಸೂರನ್ನ ಉದ್ದಕ್ಕೆ ಚಾಚ್ಬೇಕು. ಮತ್ತೆ ಬರೀತೀನಿ, ಮೂರು ವಾರ ಬೇಕಾಗ್ಬಹುದು. ಆಮೇಲೆ ಪರಿಸರಕ್ಕೆ ಹಾನಿ ಮಾಡದ ಮನೆ ಅಂತ ಸರ್ಟಿಫಿಕೇಟು ಕೇಳೋ ಆ ಅರ್ಜಿ. ಮನೆಗೋಸ್ಕರ ಎಷ್ಟು ಮರ ಕಡೀಲಾಗಿದೆ ಅಂತ ಕೇಳಿರೋ ಕಡೆ ಸೊನ್ನೆ ಅಂತ ಬರ್ದಿದೀರ."

"ಅವು ನನ್ನ ಜಾಗದ ಮರಗಳಲ್ಲವಲ್ಲ."

"ಅಲ್ಲ," ಎಂದಳು ತಲೆಯೆತ್ತದೆ. ನಕ್ಷೆ ಸುತ್ತಿ, ಟ್ರಕ್ಕು ಹತ್ತಿ, ಕಿಟಕಿ ಇಳಿಸಿದಳು. "ಬರೋವಾಗ ಹೆಸ್ಟರಮ್ಮನ್ನ ನೋಡ್ದೆ. ತೋಪಲ್ಲಿ ಮರಗಳಿಗೆ ಗುರುತಿನ ಪಟ್ಟಿ ಕಟ್ತಾ ಇದ್ರು. ಗುರುವಾರ ಕಡಿಯೋರು ಬರ್ತಾರಂತೆ. ನೀವು ಹೇಳಿದ ಹುಳ ಇವಕ್ಕೂ ಹತ್ತಿದೆ ಅಂತ ಹೆದ್ರಿದಾರೆ. ಒಂದ್ಸಲ ಹೋಗಿ ಬನ್ನಿ."

ಅವಳು ಹೋದ ಮೇಲೆ ಮೇಷ್ಟ್ರು ಬೊಡ್ಡೆಗಳ ಕಡೆ ನೋಡಲಿಲ್ಲ.

ಅಕ್ಟೋಬರಿನಲ್ಲಿ ಮೊದಲ ಸಲ ಕೂತು ಮಾತಾಡಿದಾಗ ಟೆಸ್ ಹೇಳಿದ್ದು ಒಂದೇ ಮಾತು: ದಕ್ಷಿಣದ ಬಿಸಿಲೇ ಈ ಮನೆಯ ಒಲೆ. ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಮೇಷ್ಟ್ರು ದಿಕ್ಸೂಚಿ ಹಿಡಿದು ಖಾಲಿ ಜಾಗದಲ್ಲಿ ನಿಂತು ಹೆಸ್ಟರಮ್ಮನ ಮರಗಳ ನೆರಳು ಎಲ್ಲಿಯವರೆಗೆ ಬರುತ್ತದೆಂದು ಗೂಟ ಹೊಡೆಯತೊಡಗಿದರು. ಟೆಸ್‌ಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೂವತ್ತೊಂದು ವರ್ಷ ಆ ಊರಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವರು, ತಾವು ಪಾಠ ಹೇಳಿದ ಹುಡುಗಿಯನ್ನು ನೆರಳಿನ ವಿಷಯ ಕೇಳುವುದೇ? ಇಡೀ ಜಿಲ್ಲೆಯಲ್ಲಿ ಎಣ್ಣೆ ಸುಡದ, ಕರೆಂಟು ಕೊಳ್ಳದ ಮೊದಲ ಮನೆ ತಮ್ಮದಾಗಬೇಕೆಂಬ ಆಸೆ ಅವರ ತಲೆಗೇರಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ಹೆಸ್ಟರಮ್ಮನ ಅಡುಗೆಮನೆಯಲ್ಲಿ ಕೂತು, ಅವರು ಕೊಟ್ಟ ಸೇಬಿನ ಕೇಕು ತಿನ್ನುತ್ತ, ಎಲ್ಲೆಯ ಮೂರು ಮರಗಳಿಗೆ ಕೊರೆಯುವ ಹುಳ ಬಿದ್ದಿದೆ ಎಂದರು. ಮರದ ಮೈಮೇಲೆ ಸಣ್ಣ ತೂತು ಕಂಡರೆ ಮುಗಿಯಿತು, ಎರಡು ವರ್ಷದಲ್ಲಿ ಇಡೀ ತೋಪಿಗೆ ಹರಡುತ್ತದೆ. ಎಂಬತ್ತೆರಡು ವರ್ಷದ ಹೆಸ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ನಿಮಗೆ ಖಾತ್ರಿನಾ ಮೇಷ್ಟ್ರೆ?" ಖಾತ್ರಿ ಎಂದರು. ಕೇಕು ಚೆನ್ನಾಗಿದೆ ಎಂದೂ ಹೇಳಿದರು.

ಮಾರ್ಚಿನಲ್ಲಿ ಊರಸಭೆ. ರಸ್ತೆ ರಿಪೇರಿಯ ಗಲಾಟೆಯೆಲ್ಲ ಮುಗಿದ ಮೇಲೆ ಹೆಸ್ಟರಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತು, ಸಿಹಿ ಪಾಕಕ್ಕೆ ರಸ ಕೊಡುವ ತನ್ನ ಮೇಪಲ್ ತೋಪನ್ನು ಉಳಿಸಿಕೊಟ್ಟ ಥಿಬೊ ಮೇಷ್ಟ್ರಿಗೆ ಎಲ್ಲರೆದುರು ವಂದನೆ ಹೇಳಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ಮಾರ್ಗೊ ಗಂಡನ ಮೊಣಕೈ ಹಿಡಿದು ಒತ್ತಿದಳು. ಮೇಷ್ಟ್ರು ಕೂತಲ್ಲಿಂದಲೇ ಕೈಯೆತ್ತಿ, ಸಾಕು ಸಾಕು ಎನ್ನುವ ಹಾಗೆ ಆಡಿಸಿದರು. ಆ ಕೈಯನ್ನು ನೆನೆದರೆ ಈಗಲೂ ಅವರ ಕಿವಿ ಬಿಸಿಯಾಗುತ್ತಿತ್ತು.

ಹೆಸ್ಟರಮ್ಮ ತೋಪಿನ ಕೆಳ ಅಂಚಿನಲ್ಲೇ ಸಿಕ್ಕರು. ಗಂಡನ ಹಳೇ ಉಣ್ಣೆ ಕೋಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಪಟ್ಟಿಗಳ ಕಂತೆ. ಹಿಂದಿದ್ದ ಮರಗಳಿಗೆ ಆಗಲೇ ಪಟ್ಟಿ ಕಟ್ಟಿತ್ತು. ಮೇಷ್ಟ್ರು ಎಣಿಸಿದರು. ಹನ್ನೊಂದು.

"ಸರಿಯಾದ ಹೊತ್ತಿಗೆ ಬಂದ್ರಿ ನೋಡಿ," ಎಂದರು ಅಜ್ಜಿ. "ನನ್ ಕಣ್ಣೋ ಮಂಜು. ತೂತು ಕಂಡಿದ್ದಕ್ಕೆಲ್ಲ ಕಟ್ಟಿದೀನಿ. ಹೆಚ್ಚು ಕಮ್ಮಿ ಆಗಿದ್ರೆ ಹೇಳಿ, ಒಂದೆರಡಾದ್ರೂ ಉಳೀಲಿ."

ಮೇಷ್ಟ್ರು ಮೊದಲನೆಯ ಮರದ ಹತ್ತಿರ ಹೋದರು. ಮರಕುಟಿಗ ಕುಕ್ಕಿದ ಸಾಲು ತೂತುಗಳು. ಮಗುವೂ ಗುರುತಿಸಬಹುದಿತ್ತು.

"ಇದಕ್ಕೇನೂ ಆಗಿಲ್ಲ ಹೆಸ್ಟರಮ್ಮ. ಹಕ್ಕಿ ಕುಕ್ಕಿರೋದು."

"ಹೌದಾ! ಬದುಕ್ಕೊಂಡ್ತು. ಇದು?"

"ಇದೂ ಅಷ್ಟೆ. ನೀವೇ ಹೋದ ವರ್ಷ ರಸಕ್ಕೆ ಕೊರೆದಿದ್ದು, ಮಾಯ್ತಾ ಇದೆ."

"ಇದು?"

"ಚೆನ್ನಾಗಿದೆ."

ಹೀಗೆಯೇ ಹನ್ನೊಂದನ್ನೂ ಮುಗಿಸಿ ಮನೆಗೆ ಹೋಗಬಹುದು ಎಂದು ಅವರಿಗೆ ಹೊಳೆಯಿತು. ಮರ ಉಳಿಯುತ್ತವೆ, ಅಜ್ಜಿಗೆ ಸಂತೋಷ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎದೆಯ ಮೇಲಿನ ಭಾರ ಅರ್ಧ ಇಳಿದಂತೆಯೇ ಆಯಿತು. ನಾಲ್ಕನೆಯ ಮರಕ್ಕೆ ಬಂದಾಗ ಹೆಸ್ಟರಮ್ಮ ಊರುಗೋಲನ್ನು ಅಡ್ಡ ಇಟ್ಟರು.

"ತಾಳಿ ಮೇಷ್ಟ್ರೆ. ನಾನೂ ಕಲ್ತುಕೊಳ್ಬೇಕು. ನೀವು ಪ್ರತಿ ಸಲ ಬರೋಕಾಗುತ್ತಾ? ಆ ಮೂರಕ್ಕೆ ಹುಳ ಬಿದ್ದಿತ್ತು, ಇವಕ್ಕೆ ಬಿದ್ದಿಲ್ಲ. ಸರಿ. ಅದರ ತೂತು ಹೆಂಗಿತ್ತು, ಇದರದ್ದು ಹೆಂಗಿದೆ? ನನ್ ಬೆರಳು ಇಟ್ಟು ತೋರ್ಸಿ. ಕಣ್ಣಿಗಿಂತ ಬೆರಳೇ ವಾಸಿ ನಂಗೆ."

ಗಂಟು ಗಂಟಾದ ತೋರುಬೆರಳನ್ನು ಮುಂದೆ ಚಾಚಿ ನಿಂತರು. ಶಾಲೆಯಲ್ಲಿ ಮಕ್ಕಳು ಹೀಗೇ ನಿಲ್ಲುತ್ತಿದ್ದರು, ಕಪ್ಪೆಯ ಗುಂಡಿಗೆ ಮುಟ್ಟಿ ನೋಡಲು. ಮೇಷ್ಟ್ರು ಆ ಬೆರಳು ಹಿಡಿದರು. ತಣ್ಣಗಿತ್ತು. ತೊಗಟೆಯ ಮೇಲೆ ಎಲ್ಲಿಡಬೇಕೆಂದು ಹುಡುಕಿದರು. ಸುಳ್ಳಿಗೆ ಬೇಕಾದ ಮಾತುಗಳೂ ಅವರ ಹತ್ತಿರ ಇದ್ದವು. ದುಂಡಗಿನ ತೂತು, ಪೆನ್ಸಿಲ್ ಗಾತ್ರ, ಕೆಳಗೆ ಹೊಟ್ಟು. ಬಾಯಿ ತೆರೆದರು. ಬೆರಳನ್ನು ಬಿಟ್ಟರು.

"ಆ ಮೂರಕ್ಕೂ ಏನೂ ಆಗಿರ್ಲಿಲ್ಲ ಹೆಸ್ಟರಮ್ಮ."

"ಏನಂದ್ರಿ?"

"ಹುಳ ಇರ್ಲಿಲ್ಲ. ನನ್ನ ಹೊಸ ಮನೆಗೆ ಬಿಸಿಲು ಬೇಕಿತ್ತು. ಅಡ್ಡ ಇದ್ವು. ಕೇಳಿದ್ರೆ ನೀವು ಆಗಲ್ಲ ಅಂತೀರಿ ಅಂತ... ಸುಳ್ಳು ಹೇಳ್ದೆ."

ತೋಪಿನಲ್ಲಿ ಎಲ್ಲೋ ಕರಗಿದ ನೀರು ಕಲ್ಲಿನ ಸಂದಿಯಲ್ಲಿ ಹರಿಯುವ ಸದ್ದು. ಹೆಸ್ಟರಮ್ಮ ಚಾಚಿದ್ದ ಬೆರಳನ್ನು ನಿಧಾನವಾಗಿ ಮಡಚಿಕೊಂಡು ಕೋಟಿನ ಜೇಬಿಗೆ ಹಾಕಿದರು.

"ನಾನು ಆ ಬೊಡ್ಡೆ ನೋಡೋಕೂ ಹೋಗ್ಲಿಲ್ಲ," ಎಂದರು. "ನೀವು ಹೇಳಿದ ಮೇಲೆ ನೋಡೋದೇನಿದೆ ಅಂತ."

"ತಪ್ಪಾಯ್ತು."

"ಕೇಳಿದ್ರೆ ಆಗಲ್ಲ ಅಂತಿದ್ದೆ. ಅದು ನಿಜ. ಬೈದೂ ಕಳಿಸ್ತಿದ್ದೆ. ಆಮೇಲೆ ಇಬ್ರೂ ಒಂದು ವರ್ಷ ಮಾತು ಬಿಡ್ತಿದ್ವಿ, ಮುಂದಿನ ವರ್ಷ ಸರಿಹೋಗ್ತಿತ್ತು." ಅವರು ಹಲ್ಲು ಕಚ್ಚಿಕೊಂಡರು. "ಈ ಮಂಡಿ ಇಟ್ಕೊಂಡು ಸಭೇಲಿ ಎದ್ದು ನಿಂತ್ನಲ್ಲ ಮೇಷ್ಟ್ರೆ. ಏನು ಹೇಳ್ಬೇಕು ಅಂತ ಹಿಂದಿನ ದಿನ ಕನ್ನಡಿ ಮುಂದೆ ಹೇಳ್ಕೊಂಡಿದ್ದೆ. ನೀವು ಅಲ್ಲಿ ಕೂತು ಕೇಳಿಸ್ಕೊಂಡ್ರಿ."

ಮೇಷ್ಟ್ರು ಎಲ್ಲೆಯ ಗೋಡೆಯ ಕಡೆ ತಿರುಗಿದರು. ಬೊಡ್ಡೆಗಳ ಪಕ್ಕ ಹೊಸ ಸಸಿ ನೆಡಿಸುತ್ತೇನೆ ಎನ್ನಬೇಕೆಂದುಕೊಂಡರು. ಮೇಪಲ್ ಸಸಿ ರಸ ಕೊಡಲು ನಲವತ್ತು ವರ್ಷ ಬೇಕು. ಎಂಬತ್ತೆರಡರ ಹೆಂಗಸಿನ ಮುಂದೆ ಆ ಮಾತು ಆಡುವಷ್ಟು ಮುಖ ಅವರಿಗೆ ಉಳಿದಿರಲಿಲ್ಲ.

"ಕಡಿಯೋನಿಗೆ ನಾನೇ ಫೋನ್ ಮಾಡಿ ಬರ್ಬೇಡ ಅಂತೀನಿ," ಎಂದರು ಹೆಸ್ಟರಮ್ಮ. "ಯಾಕೆ ಅಂತ ಕೇಳ್ತಾನೆ. ಕೇಳಿದ್ರೆ ಇದ್ದದ್ದು ಹೇಳ್ತೀನಿ. ನಿಮಗೋಸ್ಕರ ನಾನು ಸುಳ್ಳು ಹೇಳಲ್ಲ."

"ಸುಳ್ಳು ಬೇಡ. ಇದ್ದದ್ದೇ ಹೇಳಿ."

"ಈ ಪಟ್ಟಿಗಳನ್ನ ಬಿಚ್ಚಿ. ಎಲ್ಲಾನೂ. ನಾನು ಒದ್ದೆ ಬಟ್ಟೇಲಿ ಬಿಗಿಯಾಗಿ ಕಟ್ಟಿದೀನಿ. ಕತ್ತರಿ ತರೋಕೆ ಹೋಗ್ಬೇಡಿ, ಕೈಯಲ್ಲೇ ಬಿಚ್ಚಿ."

ಊರುಗೋಲನ್ನು ಕೆಸರಿಗೆ ಊರುತ್ತ ಅವರು ಮನೆಯ ಕಡೆ ಇಳಿದು ಹೋದರು. ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದು ತೋಳು ಕೊಡಹೋದಾಗ ತಿರುಗಿಯೂ ನೋಡದೆ ಆ ತೋಳನ್ನು ದಾಟಿಕೊಂಡು ನಡೆದರು.

ಗಂಟುಗಳು ನಿಜಕ್ಕೂ ಬಿಗಿಯಾಗಿದ್ದವು. ನೆಂದು ಉಬ್ಬಿದ ಬಟ್ಟೆಯೊಳಗೆ ಉಗುರು ತೂರುತ್ತಿರಲಿಲ್ಲ. ಮೇಷ್ಟ್ರು ಕೈಗವಸು ಕಳಚಿ ಎಸೆದು, ಮರಕ್ಕೆ ಹಣೆ ತಾಗಿಸಿ, ಬೇಕಾದ ಕಡೆ ಹಲ್ಲು ಹಾಕಿ ಎಳೆದರು. ಬಾಯಿಗೆ ತೊಗಟೆಯ ಕಹಿ ಬಂತು. ಒಂಬತ್ತನೆಯದನ್ನು ಬಿಚ್ಚುವ ಹೊತ್ತಿಗೆ ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು, ಬಿಸಿಲು ಇಳಿಮುಖವಾಗಿ ತೋಪಿನೊಳಗೆ ಓರೆಯಾಗಿ ಬಿದ್ದಿತ್ತು.

ಮಣ್ಣು ರಸ್ತೆಯಲ್ಲಿ ಕಾರು ಬಂದು ನಿಂತಿತು. ಮಾರ್ಗೊ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಗಂಡನನ್ನು ಹೆಸರು ಹಿಡಿದು ಕರೆದಳು.

"ಲೋರನ್! ಎಲ್ಲೆಲ್ಲಿ ಹುಡುಕ್ಲಿ ನಿನ್ನ? ಟೆಸ್ ಫೋನ್ ಮಾಡಿದ್ಲು, ನಕ್ಷೆ ಬದಲಾಯ್ಸ್ಬೇಕಂತೆ, ನಿನ್ನನ್ನೇ ಕೇಳು ಅಂತಾಳೆ. ಏನಾಗಿದೆ? ಅಜ್ಜಿಗೆ ಮತ್ತೆ ಏನೋ ಸಹಾಯ ಮಾಡ್ತಿದೀಯಾ?"

ಮೇಷ್ಟ್ರ ಒಂದು ಮುಷ್ಟಿಯ ತುಂಬ ಕಿತ್ತಳೆ ಪಟ್ಟಿಗಳಿದ್ದವು. ಇನ್ನೂ ಎರಡು ಮರ ಬಾಕಿ.

"ಬಾ, ಕಾರಲ್ಲಿ ಕೂತ್ಕೊ. ಮನೇಲಿ ಸೂಪು ಆರಿಹೋಗುತ್ತೆ," ಎಂದಳು ಅವಳು.

"ನೀನೇ ಇಳಿದು ಬಾ ಮಾರ್ಗೊ," ಎಂದರು. "ನಿಂಗೆ ಹೇಳೋದಿದೆ, ಸ್ವಲ್ಪ ಹೊತ್ತಾಗುತ್ತೆ."

ಅವಳು ಗಂಡನ ಮುಖ ನೋಡಿದಳು. ಆಮೇಲೆ ಎಂಜಿನ್ ಆರಿಸಿದಳು. ಬಾಗಿಲು ತೆರೆದು, ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ, ಕೆಸರಿನಲ್ಲಿ ಕಾಲಿಡಲು ಗಟ್ಟಿ ನೆಲ ಎಲ್ಲಿದೆಯೆಂದು ನೋಡುತ್ತ ಅವರ ಕಡೆಗೆ ಬರತೊಡಗಿದಳು.