ಇಪ್ಪತ್ತು ಆಂದೋಲನಕ್ಕೆ ನಲವತ್ತೆರಡು ಸೆಕೆಂಡು

ಹದಿನೆಂಟು, ಹತ್ತೊಂಬತ್ತು. ಮಗಳ ತುಟಿ ಮಾತ್ರ ಆಡುತ್ತಿತ್ತು, ಸದ್ದಿರಲಿಲ್ಲ. ಇಪ್ಪತ್ತಕ್ಕೆ ಅವಳ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿ ಒತ್ತಿತು. ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರಯೋಗಶಾಲೆಯ ಅಟೆಂಡರ್, ಅವಳ ಅಪ್ಪ, ಕತ್ತು ಚಾಚಿ, ಅವಳು ಹಾಳೆಯ ಮೇಲೆ ಬರೆದದ್ದನ್ನು ನೋಡಿದ. ನಲವತ್ತೆರಡು. ಎರಡು ಹೆಚ್ಚು.

ಮೀಟರ್ ಉದ್ದದ ದಾರ, ಇಪ್ಪತ್ತು ಆಂದೋಲನ, ನಲವತ್ತು ಸೆಕೆಂಡು. ಇಪ್ಪತ್ತಾರು ವರ್ಷದಿಂದ ಲೋಲಕದ ದಾರ ಕಟ್ಟಿಕೊಂಡು ಬಂದವನಿಗೆ ಅದು ಕರತಲಾಮಲಕ. ಹತ್ತನೇ ತರಗತಿ ದಾಟದವನಾದರೂ ಗೋಡೆಯ ಪಟದಲ್ಲಿದ್ದ ಸ್ಥಿರಾಂಕಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್, ಗುರುತ್ವದ ವೇಗೋತ್ಕರ್ಷ 9.8. ಪ್ರಾಯೋಗಿಕ ಪರೀಕ್ಷೆಯ ದಿನ, ಬೆವರುತ್ತ ನಿಂತ ಮಕ್ಕಳ ಪಕ್ಕದಲ್ಲಿ ಹಾದುಹೋಗುವಾಗ ಅವನು ಮೆಲ್ಲಗೆ ಹೇಳುತ್ತಿದ್ದ: "ಉತ್ತರ ಒಂಬತ್ತು ಪಾಯಿಂಟ್ ಎಂಟು. ಅಲ್ಲಿಂದ ಹಿಂದಕ್ಕೆ ಬಾ." ಮಕ್ಕಳು ಅವನಿಗೆ ಇಟ್ಟ ಹೆಸರೇ ಒಂಬತ್ತೆಂಟಣ್ಣ.

ಈ ಒಂದು ಮಾತನ್ನು ಮಾತ್ರ ಅವನು ಮಗಳಿಗೆ ಹೇಳಿರಲಿಲ್ಲ. ಮನೆಯಲ್ಲಿ ಅವಳೇ ಅವನ ಮೇಷ್ಟ್ರು. ಅಂಕಿ ಅವನಿಗೆ ಗೊತ್ತು, ಅದು ಯಾಕೆ ಹಾಗೆ ಎಂಬುದು ಅವಳಿಗೆ. ಒಂದು ಸಂಜೆ ಬಾಗಿಲಿನ ಬೀಗವನ್ನೇ ದಾರಕ್ಕೆ ಕಟ್ಟಿ ಕಿಟಕಿಗೆ ನೇತುಹಾಕಿದ್ದಳು.

"ಭಾರ ಜಾಸ್ತಿಯಾದ್ರೆ ಬೇಗ ತೂಗಲ್ವೇನೇ?"

"ಇಲ್ಲಪ್ಪ. ಭಾರದ್ದಾಗ್ಲಿ ಹಗುರದ್ದಾಗ್ಲಿ, ಬೀಳುವಾಗ ವೇಗ ಏರೋದು ಒಂದೇ ಥರ. ಇಲ್ಲಿ ದಾರದ ಉದ್ದ ಒಂದೇ ಲೆಕ್ಕ. ಅದನ್ನ ನಾಲ್ಕು ಪಟ್ಟು ಮಾಡಿದ್ರೆ ಕಾಲ ಎರಡೇ ಪಟ್ಟಾಗುತ್ತೆ. ಸೂತ್ರದಲ್ಲಿ ವರ್ಗಮೂಲ ಇದೆಯಲ್ಲ, ಅದಕ್ಕೆ."

"ಅದೆಲ್ಲ ಸರಿ. ನಿಮ್ಮಮ್ಮ ಆಗಿನಿಂದ ಬೀಗ ಹುಡುಕ್ತಿದಾಳೆ."

"ನೀನು ನಂಬಬೇಡ, ನೀನೇ ಅಳೆದು ನೋಡು. ಏನು ಬರುತ್ತೋ ಅದನ್ನೇ ಬರಿ. ಅಷ್ಟೇ ಅಪ್ಪ ಇದರಲ್ಲಿರೋದು." ಹಾಗೆಂದಾಗ ಅವಳ ಮುಖದಲ್ಲಿದ್ದ ಬೆಳಕನ್ನು ನೋಡಿ ಅವನು ತಲೆಯಾಡಿಸಿದ್ದ.

ಮುಂದೆಯೂ ಭೌತಶಾಸ್ತ್ರವನ್ನೇ ಓದಬೇಕೆಂಬುದು ಅವಳ ಒಂದೇ ಹಟ. ಪ್ರಾಯೋಗಿಕದಲ್ಲಿ ಮೂವತ್ತಕ್ಕೆ ಇಪ್ಪತ್ತೇಳಾದರೂ ಬರದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಮಗಳ ಪರೀಕ್ಷೆಯ ದಿನ ರಜೆ ಹಾಕು ಎಂದು ಭೌತಶಾಸ್ತ್ರದ ಮೇಡಂ ಅವನಿಗೆ ಹೇಳಿದ್ದರು. ಆದರೆ ಯಾವ ಬೀಗಕ್ಕೆ ಯಾವ ಕೀ ಎಂದು ಅವನೊಬ್ಬನಿಗೇ ಗೊತ್ತಿದ್ದುದರಿಂದ ಇಂದು ಬೆಳಿಗ್ಗೆ ಅವರೇ ಫೋನ್ ಮಾಡಿ ಕರೆಸಿಕೊಂಡಿದ್ದರು.

ಮಗಳು ಮತ್ತೆ ಲೋಲಕವನ್ನು ಬಿಟ್ಟಳು. ಮತ್ತೆ ನಲವತ್ತೆರಡು. ಮೂರನೆಯ ಸಲವೂ ಅದೇ. ಆ ಲೆಕ್ಕದಲ್ಲಿ ಉತ್ತರ ಒಂಬತ್ತನ್ನೂ ಮುಟ್ಟುವುದಿಲ್ಲ. ಅವಳು ಪೆನ್ನು ಕೆಳಗಿಟ್ಟು, ವಾಚನ್ನು ಅಂಗೈಯಲ್ಲಿ ಹಿಡಿದುಕೊಂಡು ಗೋಡೆ ಗಡಿಯಾರವನ್ನೇ ನೋಡುತ್ತ ಕುಳಿತಳು. ಹುಡುಗಿಗೆ ದಿಕ್ಕು ತೋಚದಾಗಿದೆ, ಹೊತ್ತು ಮೀರುತ್ತಿದೆ ಎಂದುಕೊಂಡ ಅವನಿಗೆ ತಡೆಯಲಾಗಲಿಲ್ಲ. ಲೋಟಕ್ಕೆ ನೀರು ಬಗ್ಗಿಸುವ ನೆಪದಲ್ಲಿ ಅವಳ ಮೇಜಿನ ಬಳಿ ಬಾಗಿದ.

"ನಲವತ್ತು ಅಂತ ಬರಿ."

"ಏನಪ್ಪ?"

"ನಲವತ್ತು. ಎಲ್ಲರೂ ಹಾಗೇ ಬರೆಯೋದು. ನಾನೇ ಹೇಳಿಕೊಡೋದು."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಸ್ಕೇಲು ಇಟ್ಟು, ಮೂರು ಅಂಕಿಗಳ ಮೇಲೂ ನೇರವಾಗಿ ಗೆರೆ ಎಳೆದು, ಪಕ್ಕದಲ್ಲಿ ನಲವತ್ತು ಎಂದು ಬರೆದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯನ್ನು ಬೆಳಕಿಗೆ ಹಿಡಿದರು. "ಇದೇನಮ್ಮ, ಮೂರನ್ನೂ ಹೊಡೆದು ಹಾಕಿದೀಯ?"

ಜಗ್ಗು ಹಿಡಿದವನು ಪಕ್ಕದ ಮೇಜಿನ ಲೋಟಕ್ಕೆ ನೀರು ಬಗ್ಗಿಸತೊಡಗಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

"ನಾನೇ ತಪ್ಪು ನೋಡಿದ್ದೆ ಸರ್."

"ಹೋಗ್ಲಿ ಬಿಡು. ಉತ್ತರ ಬಂತಲ್ಲ." ಇಪ್ಪತ್ತೆಂಟು ಎಂದು ಬರೆದು ಅವರು ಮುಂದಿನ ಹಾಳೆ ಎಳೆದುಕೊಂಡರು.

ಎಲ್ಲರೂ ಹೋದ ಮೇಲೆ ಅವನು ದಾರಗಳನ್ನು ಸುತ್ತಿದ, ಗುಂಡುಗಳನ್ನು ಒರೆಸಿ ಡಬ್ಬಿಗೆ ಹಾಕಿದ. ಸ್ಟಾಪ್‌ವಾಚು ಕೈಗೆ ಬಂದಾಗ ಸುಮ್ಮನೆ ನಿಂತ. ಮಗಳು ಎಣಿಸಿದ್ದು ತಪ್ಪಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಕೀಲಿ ತಿರುಗಿಸಿ, ಗೋಡೆ ಗಡಿಯಾರದ ಒಂದು ನಿಮಿಷಕ್ಕೆ ಅದನ್ನು ಓಡಿಸಿ ನಿಲ್ಲಿಸಿದ. ಮುಳ್ಳು ಅರವತ್ತಮೂರು ತೋರಿಸುತ್ತಿತ್ತು. ಇನ್ನೊಂದನ್ನು ತೆಗೆದುಕೊಂಡ. ಅರವತ್ತನಾಲ್ಕು. ಎಷ್ಟು ವರ್ಷದಿಂದ ಹೀಗಿತ್ತೋ. ಉತ್ತರದಿಂದ ಹಿಂದಕ್ಕೆ ಬರುವವರು ಯಾರೂ ಗಡಿಯಾರ ನೋಡಿರಲಿಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ತುದಿಯಲ್ಲಿ ಅವಳು ಕುಳಿತಿದ್ದಳು. ಅವನು ಏದುಸಿರು ಬಿಡುತ್ತ ಬಂದ.

"ನೀನು ಬರೆದಿದ್ದೇ ಸರಿಯಿತ್ತು ಕಣೇ. ವಾಚು ಮುಂದೆ ಓಡುತ್ತೆ. ಈಗ ನೋಡ್ದೆ."

"ಗೊತ್ತಪ್ಪ. ನಿಮಿಷಕ್ಕೆ ಮೂರು ಸೆಕೆಂಡು."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

"ಅಲ್ಲೇ ಗೊತ್ತಾಯ್ತು, ಗೋಡೆ ಗಡಿಯಾರ ನೋಡಿ," ಎಂದಳು. "ಅದನ್ನೇ ಕೆಳಗಡೆ ಬರೆದು, ವ್ಯತ್ಯಾಸ ಕಳೆದು ಉತ್ತರ ತೆಗೆಯೋಣ ಅಂತಿದ್ದೆ. ಸರಿಯಾಗೇ ಬರ್ತಿತ್ತು." ಆಮೇಲೆ ಕೇಳಿದಳು, "ವಾಚುಗಳನ್ನ ಎಲ್ಲಿ ಇಡ್ತೀಯ?"

"ಅಯಸ್ಕಾಂತದ ಬೀರುನಲ್ಲಿ. ಬೀಗ ಸರಿಯಿರೋದು ಅದಕ್ಕೊಂದಕ್ಕೇ."

"ಹಾಗಾದ್ರೆ ಅದೇ. ಅಯಸ್ಕಾಂತದ ಪಕ್ಕ ಇದ್ರೆ ಒಳಗಿನ ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ಅಂಟಿಕೊಂಡು ಗಿಡ್ಡಾಗುತ್ತೆ, ಅದಕ್ಕೇ ಬೇಗ ಓಡುತ್ತೆ." ಮನೆಯಲ್ಲಿ ವಿವರಿಸುತ್ತಿದ್ದಂತೆಯೇ ಹೇಳಿದಳು. ಆದರೆ ಕೈ ಆಡಿಸಲಿಲ್ಲ, ಅವನಿಗೆ ಅರ್ಥವಾಯಿತೇ ಎಂದು ಮುಖವನ್ನೂ ನೋಡಲಿಲ್ಲ.

"ನಾಳೆ ಮೇಡಂ ಹತ್ರ ನಾನೇ ಹೋಗಿ ಹೇಳ್ತೀನಿ."

"ಬೇಡ ಬಿಡಪ್ಪ. ನಿನ್ನ ಕೆಲಸ ಹೋಗುತ್ತೆ."

ಬಸ್ಸು ಬಂತು. ಜನ ಕಡಿಮೆಯಿದ್ದರು. ಅವನು ಕಿಟಕಿಯ ಕಡೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒಮ್ಮೆ ಒರೆಸಿದ. ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಅವನು ಕೈ ಚಾಚಿದಾಗ ಚೀಲವನ್ನು ಮಾತ್ರ ಕೊಟ್ಟಳು. ಪುಸ್ತಕಗಳಿಂದ ಅದು ಭಾರವಾಗಿತ್ತು. ಇಳಿಯುವವರೆಗೂ ಅವನು ಅದನ್ನು ಎರಡೂ ಕೈಯಿಂದ ತೊಡೆಯ ಮೇಲೆ ಹಿಡಿದುಕೊಂಡಿದ್ದ.